ಅಡುಗೆಕಟ್ಟೆಯ ಸಂಶೋಧನಾ ವೆಚ್ಚ

ಬೇರೆಯವರೊಂದಿಗೆ ಹೋಲಿಸಿಕೊಳ್ಳದೆ ಬದುಕುವವರು ಪುಣ್ಯವಂತರು. ನಾನು ಆ ಪೈಕಿಯವನಲ್ಲ. ಕೆಜಿಎಫ್ ಗಣಿಯಲ್ಲಿ ಅದಿರಿನ ಮಾದರಿ ತೆಗೆಯುವ ಕೆಲಸ ಮಾಡಿ ಸವೆದವನು. ಏನು ಕಂಡರೂ ಅಳೆಯಬೇಕು, ಅಳೆದದ್ದನ್ನು ಇನ್ನೊಂದರ ಪಕ್ಕ ಇಟ್ಟು ನೋಡಬೇಕು. ಗಣಿ ಮುಚ್ಚಿತು, ಸೈರನ್ ಕೂಗುವುದಿಲ್ಲ. ನಾನು ಮಾತ್ರ ಇಂದಿಗೂ ಮೊದಲ ಪಾಳಿಯ ಹೊತ್ತಿಗೆ ಕ್ಷೌರ ಮುಗಿಸಿ, ಬೂಟು ಉಜ್ಜಿ, ಎಲ್ಲಿಗೂ ಹೋಗದೆ ಜಗಲಿಯಲ್ಲಿ ಕುಳಿತು ಪತ್ರಿಕೆ ಓದುತ್ತೇನೆ.

ಹಾಗೆ ಓದುವಾಗ ಒಂದು ಲೇಖನ ಕಣ್ಣಿಗೆ ಬಿತ್ತು. ಹೊಸದನ್ನು ಕಂಡುಹಿಡಿಯಲು ಯಾವ ದೇಶದ ಕೈಗಾರಿಕೆಗಳು ಎಷ್ಟು ಖರ್ಚು ಮಾಡುತ್ತವೆ ಎಂಬ ಹೋಲಿಕೆ. ನಮ್ಮ ದೇಶ ಪಟ್ಟಿಯಲ್ಲಿ ಕೆಳಗೆಲ್ಲೋ ಇತ್ತು. ನನಗೆ ರೋಷ ಬಂತು. ದೇಶವನ್ನು ತಿದ್ದುವ ಮೊದಲು ಮನೆಯ ಸ್ಥಿತಿ ನೋಡೋಣ ಎಂದುಕೊಂಡೆ.

ಮನೆಯಲ್ಲೂ ಒಂದು ಕೈಗಾರಿಕೆಯಿದೆ. ಹೆಂಡತಿ ರತ್ನಮ್ಮ ಸಾರಿನಪುಡಿ, ಚಟ್ನಿಪುಡಿ ಮಾಡಿ ಮಾರುತ್ತಾಳೆ. ಬಂಗಾರಪೇಟೆಯಲ್ಲಿ ಪಾನಿಪುರಿ ಅಂಗಡಿ ಇಟ್ಟಿರುವ ಅವಳ ತಮ್ಮ ಸೀನಪ್ಪ ಈಚೆಗೆ ಅವಳಿಗೊಂದು ಸವಾಲು ಹಾಕಿದ್ದ. ಬಂಗಾರಪೇಟೆಯ ಪಾನಿ ಹಸಿರಲ್ಲ; ನೋಡಲು ತಿಳಿನೀರು, ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ನೀರಿಗೆ ಹಾಕಿದರೆ ಬಣ್ಣ ಬಿಡದ ಪುಡಿಯನ್ನು ಭಾನುವಾರದೊಳಗೆ ಮಾಡಿಕೊಟ್ಟರೆ ನಾನೇ ಕಾಯಂ ಗಿರಾಕಿ. ಇಲ್ಲವಾದರೆ ಬೇರೆಯವರ ಹತ್ತಿರ ಕೊಳ್ಳುತ್ತೇನೆ ಎಂದಿದ್ದ. ಅಂದಿನಿಂದ ರತ್ನಮ್ಮನಿಗೆ ಬೇರೆ ಧ್ಯಾನವಿಲ್ಲ. ಹುರಿದು, ಕುಟ್ಟಿ, ಜರಡಿ ಹಿಡಿದು, ಒಂದೊಂದು ಪ್ರಯತ್ನವನ್ನೂ ಒಂದೊಂದು ಬಟ್ಟಲಲ್ಲಿ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದಳು.

ಇದು ಸಂಶೋಧನೆಯಲ್ಲದೆ ಮತ್ತೇನು? ಅಳೆಯಲು ಹೊರಟೆ. ದಿನದ ಸಾರಿಗೆ ಅವಳು ಮೆಣಸು ಹೆಚ್ಚು ಹಾಕಿದ್ದು ಸಂಶೋಧನೆಯೋ ಮರೆವೋ? ಜೀರಿಗೆ ಕೊಡಿಸಿದ್ದು ಸೀನಪ್ಪ, ಹುರಿದದ್ದು ಇವಳು. ಖರ್ಚು ಬಂಗಾರಪೇಟೆಯದೋ ಕೆಜಿಎಫ್‌ನದೋ? ಇಬ್ಬರೂ ತಮ್ಮದೆಂದರೆ ಒಂದೇ ಜೀರಿಗೆ ಎರಡು ಸಲ ಬೆಳೆದಂತಾಯಿತು. ಬೂದಿಕೋಟೆಯ ನಾದಿನಿ ಹಿತ್ತಲಿನ ಪುದೀನ ಕಿತ್ತು ಇದೇ ಪ್ರಯೋಗ ಮಾಡಿದರೆ ಅವಳ ಖರ್ಚು ಸೊನ್ನೆ. ಹಾಗೆಂದು ಅವಳ ತಲೆಯೂ ಸೊನ್ನೆಯೇ?

"ಬರೀ ಮೊತ್ತ ನೋಡಬಾರದು. ಆದಾಯದಲ್ಲಿ ಸಂಶೋಧನೆಗೆ ಎಷ್ಟು ಪಾಲು ಅಂತ ನೋಡಬೇಕು. ನಮ್ಮ ಪಾಲು ಸಾಲದು" ಎಂದು ರತ್ನಮ್ಮನಿಗೆ ಬುದ್ಧಿ ಹೇಳಿದೆ.

"ಪಾಲು ಎಚ್ಚಬೇಕಾ? ನಾಳೆಯಿಂದ ಯಾಪಾರ ನಿಲ್ಲಿಸಿಬಿಡ್ತೀನಿ. ಆದಾಯ ಇಳಿದ್ರೆ ಪಾಲು ತಾನೇ ಏರ್ತದೆ. ಓಗ್ರಿ, ಅತ್ಲಾಗೆ ಕೂತ್ಕಳ್ರಿ!"

ಈ ತೊಡಕಿನ ಮಾತು ಲೇಖನದಲ್ಲಿ ಇರಲಿಲ್ಲ.

ಶನಿವಾರ ಅವಳು ತಮ್ಮನನ್ನು ಕರೆತರಲು ಹೋದಾಗ ನಾನು ಅಡುಗೆಮನೆ ಹೊಕ್ಕೆ. ಬಟ್ಟಲು ಬಟ್ಟಲನ್ನೂ ಬೇರೆಬೇರೆ ಪರೀಕ್ಷಿಸುವುದು ಅವ್ಯವಸ್ಥೆ. ಗಣಿಯಲ್ಲಿ ನಾವು ಹಾಗೆ ಮಾಡುತ್ತಿರಲಿಲ್ಲ. ಎಲ್ಲ ಅದಿರನ್ನೂ ಒಂದೇ ರಾಶಿ ಸುರಿದು, ಕಲಸಿ, ತಟ್ಟಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಎಸೆದು, ಉಳಿದದ್ದನ್ನು ಮತ್ತೆ ಕಲಸುವುದು. ಕೊನೆಗೆ ಉಳಿಯುವ ಹಿಡಿಯೇ ಇಡೀ ರಾಶಿಯ ಪ್ರತಿನಿಧಿ. ಪತ್ರಿಕೆ ಹಾಸಿ ಹಾಗೆಯೇ ಮಾಡಿದೆ. ಕೈಗೆ ಹಳೆಯ ಹುಮ್ಮಸ್ಸು ಬಂತು. ಬಟ್ಟಲುಗಳನ್ನೂ ತೊಳೆದು, ಗಾತ್ರದ ಪ್ರಕಾರ ಒಂದರೊಳಗೊಂದು ಇಟ್ಟೆ.

"ಒಲೆ ಪಕ್ಕದ ಬಟ್ಲು ಎಲ್ರೀ?" ರತ್ನಮ್ಮ ಬಾಗಿಲಲ್ಲೇ ನಿಂತಳು.

"ಇದರಲ್ಲೇ ಇದೆ," ಎಂದು ಹಿಡಿ ಪುಡಿ ತೋರಿಸಿದೆ. "ಎಲ್ಲದರ ಸರಾಸರಿ."

"ಲೋ ಸೀನಾ, ನಿಮ್ಮ ಭಾವ ನನ್ನ ಪುಡೀನ ಅದಿರು ಮಾಡವ್ರೆ ಕಣ್ಲಾ!"

ಸೀನಪ್ಪ ಒಂದು ಚಿಟಿಕೆ ನೀರಿಗೆ ಹಾಕಿ ಲೋಟ ಎತ್ತಿ ಹಿಡಿದ. "ದೇವುಡಾ! ಗಣಿ ಕಸದ ಸಯನೈಡ್ ದಿಬ್ಬದ ಮೇಲೆ ಮಳೆ ಉಯ್ದಂಗೈತಲ್ಲ ಭಾವ!"

ನಾನು ನಗಬೇಕೆಂದಿದ್ದೆ. ರತ್ನಮ್ಮ ನಗಲಿಲ್ಲ. ಗೋಡೆಗೊರಗಿ ಕುಳಿತು, "ಒಲೆ ಪಕ್ಕದ್ದು ಬಣ್ಣ ಬಿಟ್ಟಿರ್ಲಿಲ್ಲ ಕಣೋ. ಸರಿಯಾಗ್ ಬಂದಿತ್ತು" ಎಂದಳು.

ಸೀನಪ್ಪ ಕೆಮ್ಮಿದ. "ಇನ್ನೊಂದ್ ವಾರ ಕಾಯ್ತೀನಿ ಬಿಡಕ್ಕ. ಭಾವನ್ನ ಮಾತ್ರ ಕಟ್ಟಾಕು."

ಆ ವಾರ ಅಡುಗೆಮನೆಯ ಹೊಸ್ತಿಲಾಚೆ ಕುಳಿತು ನಾನೇ ಕುಟ್ಟಿದೆ. ಎಲ್ಲ ಪ್ರಯೋಗವೂ ಎರಡನೆಯ ಸಲ ನಡೆದದ್ದರಿಂದ ಸಂಶೋಧನಾ ವೆಚ್ಚ ಏರಿತು. ಸಾರಿನಪುಡಿಗೆ ಪುರುಸೊತ್ತಿಲ್ಲದೆ ಆದಾಯ ಇಳಿಯಿತು. ನನ್ನ ಅಳತೆಯ ಪ್ರಕಾರ ನಮ್ಮ ಮನೆ ಅಷ್ಟು ಮುಂದುವರಿದದ್ದು ಹಿಂದೆಂದೂ ಇಲ್ಲ. ಮುಂದಿನ ಭಾನುವಾರ ಪಾನಿ ತಿಳಿಯಾಗಿ ಬಂತು, ಸೀನಪ್ಪ ಕಣ್ಣೊರೆಸಿಕೊಂಡು ಒಪ್ಪಿದ, ವ್ಯಾಪಾರ ಏರಿತು, ಪಾಲು ದಡಕ್ಕನೆ ಬಿತ್ತು. ಮನೆಯಲ್ಲಿ ಅದಕ್ಕೆ ವ್ಯಥೆಪಟ್ಟವನು ನಾನೊಬ್ಬನೇ.

ಈಗ ಯಾವುದೋ ದೇಶ ಪಟ್ಟಿಯಲ್ಲಿ ಮೇಲೆ ಹಾರಿತೆಂದು ಓದಿದರೆ ನನಗೆ ಹೊಟ್ಟೆಕಿಚ್ಚಾಗುವುದಿಲ್ಲ. ಅಲ್ಲೂ ಶಿಸ್ತಿನ ಮುದುಕನೊಬ್ಬ ಬಟ್ಟಲು ತೊಳೆದಿಟ್ಟಿರಬೇಕು ಎಂದುಕೊಂಡು ಪುಟ ತಿರುವುತ್ತೇನೆ.