ಹಸಿರು ನೀರನ್ನು ಎಸಿ ನೀರೆಂದ ಮ್ಯಾನೇಜರರಿಗೆ

ಭಾಂಡುಪಿನ ಸರ್ವಿಸ್ ಸೆಂಟರಿನ ಗಾಜಿನ ಕೋಣೆಯಲ್ಲಿ ವಿರಾಜಮಾನರಾಗಿರುವ ಮಾನ್ಯ ಮ್ಯಾನೇಜರ್ ಹಿತೇಶರೇ,

ಮುಲುಂಡಿನ ರಾಜೀವಿ ಪೂಜಾರಿಯ ನಮಸ್ಕಾರಗಳನ್ನು ಸ್ವೀಕರಿಸಬೇಕು. ಕುರ್ಚಿಯಿಂದ ಏಳದೆಯೇ ಇಂಜಿನ್ನಿನ ಒಳಗನ್ನು ಬಲ್ಲ ಮಹನೀಯರು ಈ ಮುಂಬಯಿಯಲ್ಲಿ ಎಷ್ಟು ಮಂದಿಯೋ ತಿಳಿಯೆ. ನನಗೆ ದರ್ಶನಭಾಗ್ಯ ದೊರೆತದ್ದು ತಮ್ಮೊಬ್ಬರದು.

ನಮ್ಮ ಕಾರು ವಾರಕ್ಕೆ ಮೂರು ದಿನ ನನ್ನ ಯಜಮಾನರಾದ ಅಣ್ಣು ಪೂಜಾರಿಯವರನ್ನು ಡಯಾಲಿಸಿಸ್‌ಗೆಂದು ಪರೇಲಿನ ಆಸ್ಪತ್ರೆಗೆ ಒಯ್ಯುತ್ತದೆ, ಓಡಿಸುವವಳು ನಾನು. ಇಂಜಿನ್ನನ್ನು ತಂಪಾಗಿಡುವ ಹಸಿರು ಕೂಲೆಂಟ್ ವಾರವಾರವೂ ಇಳಿಯುತ್ತಿರುವುದನ್ನು ಕಂಡು, ಒಂದು ದಿನ ಆಸ್ಪತ್ರೆಯಿಂದ ಬಂದ ಕೂಡಲೇ ಇಂಜಿನ್ನಿನಡಿ ಸ್ಟೀಲಿನ ತಟ್ಟೆ ಇಟ್ಟೆ. ಹಸಿರು ಹನಿಗಳು ಬಿದ್ದವು; ಬೆರಳಿಗೆ ಜಿಗುಟು, ಮೂಗಿಗೆ ಸಿಹಿ ವಾಸನೆ. ಆ ತಟ್ಟೆಯನ್ನೇ ತಂದು ತಮ್ಮ ಮೇಜಿನ ಮೇಲಿಟ್ಟಾಗ ತಾವು ಅದರತ್ತ ಕಣ್ಣು ಹಾಯಿಸುವ ಶ್ರಮವನ್ನೂ ಪಡದೆ, “ಆಂಟಿ, ಅದು ಎಸಿ ನೀರು. ಟೆನ್ಶನ್ ಮತ್ ಲೋ,” ಎಂದಿರಿ. ಎಸಿಯಿಂದ ಹಸಿರು ನೀರು ಇಳಿಸುವ ತಮ್ಮ ವಿದ್ಯೆಗೆ ನಾನು ಬೆರಗಾದೆ.

ಇಪ್ಪತ್ತಾರು ವರ್ಷ ಕ್ಯಾಂಟೀನಿನಲ್ಲಿ ಇಡ್ಲಿ ಸ್ಟೀಮರ್ ನೋಡಿಕೊಂಡವಳು ನಾನು. ತಣ್ಣಗಿರುವಾಗ ಒಂದು ಹನಿಯೂ ಸೋರದ ಪೈಪು ಬಿಸಿಯೇರಿ ಒತ್ತಡ ಬಂದಾಗ ಸೋರುತ್ತದೆಂದು ವಿನಯದಿಂದಲೇ ಅರಿಕೆ ಮಾಡಿಕೊಂಡೆ. ತಾವಾದರೋ ಕಾರನ್ನು ಇಡೀ ದಿನ ತಣ್ಣಗೆ ನಿಲ್ಲಿಸಿ, ಕಂಪ್ಯೂಟರ್ ಜೋಡಿಸಿ, “ಲೀಕ್ ಇಲ್ಲ” ಎಂಬ ಕಾಗದಕ್ಕೆ ಮುದ್ರೆ ಒತ್ತಿ ಕೊಟ್ಟಿರಿ. ಜ್ವರ ಇಳಿಯುವವರೆಗೆ ಕಾದು, ಆಮೇಲೆ ರೋಗಿಯ ಹಣೆ ಮುಟ್ಟಿ, ಜ್ವರವೇ ಇರಲಿಲ್ಲವೆಂದು ಸಾರುವ ಈ ಪದ್ಧತಿಯನ್ನು ತಾವು ದೇಶದ ವೈದ್ಯರಿಗೆಲ್ಲ ಬೋಧಿಸಬೇಕು.

ಮರುದಿನ ಆಸ್ಪತ್ರೆಗೆ ಹೋಗುವಾಗ ಸಯನ್ ಫ್ಲೈಓವರಿನ ಮೇಲೆ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೇರಿತು, ಬಾನೆಟ್ಟಿನಿಂದ ಹಬೆ ಎದ್ದಿತು. ಕಾರು ಬದಿಗೆ ನಿಲ್ಲಿಸಿ ತಮಗೆ ಫೋನ್ ಮಾಡಿದೆ. “ರೇಡಿಯೇಟರ್ ಮುಚ್ಚಳ ತೆಗೆದು ತಣ್ಣೀರು ಹಾಕಿ ಆಂಟಿ, ಸಿಂಪಲ್!” ಎಂದು ಅಪ್ಪಣೆ ಕೊಡಿಸಿದಿರಿ. ಬಿಸಿ ಸ್ಟೀಮರಿನ ಮುಚ್ಚಳ ತೆಗೆದ ನಮ್ಮ ಕ್ಯಾಂಟೀನಿನ ಅಕ್ಕುವಿನ ಎಡಗೆನ್ನೆ ಇಂದಿಗೂ ಸುಕ್ಕುಗಟ್ಟಿಯೇ ಇದೆ. ಆದರೆ ಸ್ಪೀಕರಿನಲ್ಲಿ ತಮ್ಮ ಮಾತು ಕೇಳಿಸಿಕೊಂಡ ನಮ್ಮವರು ಮುಚ್ಚಳ ತೆಗೆಯಲೆಂದು ಬಟ್ಟೆ ಹಿಡಿದು ಇಳಿದೇಬಿಟ್ಟಿದ್ದರು. ಡಯಾಲಿಸಿಸ್ ಸೂಜಿ ಚುಚ್ಚುವ, ಜಗ್ಗಬಾರದ ಕೈ ಅದೆಂಬುದನ್ನೂ ಮರೆತು ನಾನು ಅದನ್ನೇ ಹಿಡಿದು ಹಿಂದಕ್ಕೆಳೆದೆ.

ಟ್ಯಾಕ್ಸಿ ಸಿಕ್ಕಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ತಡವಾಗಿತ್ತು. ನಾಲ್ಕು ಗಂಟೆ ನಡೆಯಬೇಕಿದ್ದ ಡಯಾಲಿಸಿಸ್ ಎರಡೂವರೆ ಗಂಟೆಗೇ ಮುಗಿಯಿತು. ಮೈಯಿಂದ ಹೊರಹೋಗದೆ ಉಳಿದ ನೀರು ಮರುದಿನ ಅವರ ಪಾದಗಳಲ್ಲಿ ಊತವಾಗಿ ನಿಂತಿತು. ಚಪ್ಪಲಿ ಹಿಡಿಸದ ಕಾಲನ್ನು ನೋಡಿಕೊಳ್ಳುತ್ತ, “ನನಗೆ ಡಾಕ್ಟರ್ ಉಂಟು, ಗಾಡಿಗೆ ಬೇರೆ ಡಾಕ್ಟರನ್ನು ನೋಡು ಮಾರಾಯ್ತಿ,” ಎಂದರು. ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ಕಾರನ್ನು ಎಳೆಸಿಕೊಂಡು ಧಾರಾವಿಯ ಮೆಕ್ಯಾನಿಕ್ ಮೋನಪ್ಪನವರಲ್ಲಿಗೆ ಹೋದೆ. ಅವರು ರೇಡಿಯೇಟರಿನ ಬಾಯಿಗೆ ಕೈಪಂಪೊಂದನ್ನು ಸಿಕ್ಕಿಸಿ ಒಳಗೆ ಒತ್ತಡ ಏರಿಸಿದರು, ಟಾರ್ಚ್ ಹಿಡಿದು ಕಾರಿನಡಿ ಮಲಗಿದರು. ಹತ್ತೇ ನಿಮಿಷ. “ಇಲ್ಲಿ ನೋಡಿ ಅಕ್ಕ, ವಾಟರ್ ಪಂಪಿನಿಂದ ಇಳೀತಾ ಉಂಟು. ಯಾರೂ ಬಗ್ಗಿ ನೋಡ್ಲಿಲ್ವಾ?” ಎಂದರು. ತಮ್ಮ ಘನತೆಗೆ ಕುಂದಾಗಬಾರದೆಂದು ತಮ್ಮ ಮುದ್ರೆಯ ಕಾಗದವನ್ನು ಮಡಚಿ ಪರ್ಸಿನೊಳಗಿಟ್ಟೆ. ಹೊಸ ಪಂಪ್ ಕೂತ ಮೇಲೆ ಮೂರು ವಾರಗಳಿಂದ ತಟ್ಟೆ ಒಣಗಿದೆ, ನಾವು ಹೊತ್ತಿಗೆ ಸರಿಯಾಗಿ ಪರೇಲ್ ತಲುಪುತ್ತಿದ್ದೇವೆ.

ಕೊನೆಯದಾಗಿ ಒಂದು ಕೋರಿಕೆ. ಮುಂದೆ ಯಾರಿಗಾದರೂ ಮುಚ್ಚಳ ತೆಗೆಯಿರೆಂದು ಅಪ್ಪಣೆ ಕೊಡುವ ಮೊದಲು ತಾವೇ ಚಿತ್ತೈಸಿ, ಕುದಿಯುವ ಇಂಜಿನ್ನಿನ ಮೇಲೆ ಮುಖ ಬಗ್ಗಿಸಿ, ತೆಗೆದು ತೋರಿಸಬೇಕು. ಟೈ ಒದ್ದೆಯಾಗದಂತೆ ನಾನು ಹಿಡಿದುಕೊಳ್ಳುತ್ತೇನೆ.

ತಮ್ಮ ಮುದ್ರೆಯ ಮೇಲೆ ವಿಶ್ವಾಸವಿಲ್ಲದ, ಆದರೂ ತಮ್ಮ ವಿಶ್ವಾಸಿ,
ರಾಜೀವಿ ಪೂಜಾರಿ

ವಿ.ಸೂ.: ತಮಗೆ ಕನ್ನಡ ಓದುವುದು ಕಷ್ಟವೆಂದು ಕೇಳಿದ್ದೇನೆ. ಚಿಂತೆ ಬೇಡ, ನಮ್ಮ ಭಜನಾ ಮಂಡಳಿಯಲ್ಲಿ ನನ್ನ ಪಕ್ಕದಲ್ಲೇ ಕೂರುವ ತಮ್ಮ ತಾಯಿ ಶೈಲಕ್ಕನಿಗೆ ಒಂದು ಪ್ರತಿ ಕೊಟ್ಟಿದ್ದೇನೆ. ಅವರು ಎರಡು ಸಲ ಓದಿದ್ದಾರೆ. ಇವತ್ತು ಊಟಕ್ಕೆ ಕೂತಾಗ ತಮಗೂ ಓದಿ ಹೇಳುತ್ತಾರಂತೆ.