ಅಣ್ಣನ ಕ್ಯಾಮೆರಾ, ನನ್ನ ಹೊಟ್ಟಿಕಿಚ್ಚು

ನಮ್ಮ ಗುಡಗೇರಿಯೊಳಗ ಯಾರ ಕೈಯಾಗರ ಹೊಸಾ ಸಾಮಾನು ಬಂತಂದ್ರ ಒಂದಿಲ್ಲೊಂದು ಫಜೀತಿ ಆಗೇ ಆಗತೈತಿ. ಈ ಸಲ ಬಂದದ್ದು ಕ್ಯಾಮೆರಾ. ಕಾಕಾ ಮುಂಬಯಿಯಿಂದ ತಂದು ತನ್ನ ಮಗನ, ಅಂದ್ರ ನಮ್ಮಣ್ಣನ, ಕೊರಳಿಗೆ ಹಾಕಿದ. ಗುಂಡಿ ಒತ್ತಿದರ ಸಾಕಂತ, ಎದುರಿಗಿದ್ದದ್ದು ಎಷ್ಟು ದೂರ ಐತಿ ಅಂತ ತಾನ ಅಳದು ಚಿತ್ರ ಸ್ವಚ್ಛ ಮಾಡತೈತಂತ! ಅವತ್ತಿನಿಂದ ಓಣ್ಯಾಗ ನನ್ನ ಚ್ಯಾಷ್ಟಿಗೆ ನಗೋರ ಇಲ್ಲ. ಸಾಲಿ ಬಿಟ್ಟು ನಾ ಗಳಿಸಿದ್ದು ನಗಸಾಂವ ಅನ್ನೋ ಅದೊಂದ ಹೆಸರು, ಅದನ್ನೂ ಅಣ್ಣ ಕಸಗೊಂಡ. ಅವನ್ನ ಒಮ್ಮೆರ ಎಲ್ಲಾರ ಮುಂದ ನಗಿಪಾಟಲು ಮಾಡದ ಬಿಡಬಾರದಂತ ಬೆನ್ನು ಹತ್ತಿದೆ.

ರೈಲು

ಓಡೋ ರೈಲು ತಗೀತೀನಂತ ಅಣ್ಣ ಸ್ಟೇಷನ್ನಿಗೆ ನಡದ. ನಿಲ್ಲದ ಹೋಗೋ ಗಾಡಿ ಧಡಧಡ ಬಂತು. ಗುಂಡಿ ಒತ್ತಿದ. ಕ್ಯಾಮೆರಾ "ಝುಂಯ್" ಅಂತ ವಿಚಾರ ಮಾಡಿತು. ವಿಚಾರ ಮುಗಿಯೂದ್ರಾಗ ಗಾಡಿ ಮುಂದಿನ ಸ್ಟೇಷನ್ ಸಂಶಿ ಹಾದಿ ಹಿಡದಿತ್ತು. ಹುಬ್ಬಳ್ಳ್ಯಾಗ ತೊಳಿಸಿಕೊಂಡು ಬಂದ ಫೋಟೋದಾಗ ಬರೇ ಹಳಿ, ಅದರಾಚೆ ಜಾಲಿಗಿಡದ ಮರಿಗೆ ಚಂಬು ಹಿಡಕೊಂಡು ಕುಂತ ಒಬ್ಬ ಮುದುಕ.

"ಅಣ್ಣಾ, ನಿನ್ನ ರೈಲು ಕುಂತಬಿಟ್ಟೈತಲ್ಲೋ!" ಅಂದೆ.

ಓಣಿ ಮಂದ್ಯಾಗ ಯಾರೂ ನಗಲಿಲ್ಲ. "ಚಂಬಿನ ಮ್ಯಾಲಿನ ತಗ್ಗೂ ಕಾಣತೈತಿ ನೋಡ್ರಲೇ!" ಅಂತ ಕ್ಯಾಮೆರಾನ್ನ ಹೊಗಳಿದರು.

ಕಬಡ್ಡಿ

ಸಾಲಿ ಬಯಲಾಗ ಅಣ್ಣ ಗುರಿ ಹಿಡದದ್ದು ಇಬ್ಬರು ಆಟಗಾರರನ್ನ, ಅವರ ನಡುವ ಬಯಲು. ಕ್ಯಾಮೆರಾ ಇಬ್ಬರ ನಡುವಿನ ಸಂದ್ಯಾಗ ಕಂಡದ್ದರ ದೂರ ಅಳೀತು. ಫೋಟೋದಾಗ ಆಟಗಾರರು ಹೊಗಿಯಾಗಿದ್ದರು. ಹಿಂದ ಕುರ್ಚ್ಯಾಗ ನಿದ್ದಿ ಹೊಡಿಯಾಕತ್ತಿದ್ದ ಡ್ರಿಲ್ ಮಾಸ್ತರ ಮಾತ್ರ, ತುಟಿ ಮ್ಯಾಲಿನ ನೊಣದ ಸಮೇತ ಅಗದಿ ಸ್ವಚ್ಛ.

ಅಣ್ಣಗ ಬಡಿತ ಬೀಳಲಿ ಅಂತ ಓಡಿ ಹೋಗಿ ಮಾಸ್ತರಿಗೆ ತೋರಿಸಿದೆ. "ಧ್ಯಾನಕ್ಕ ಕುಂತಂಗ ಬಂದೇನಲ್ಲೋ!" ಅಂತ ಅವರು ಮೀಸಿ ತಿರುವಿದರು. ಆಮ್ಯಾಲೆ ನನ್ನ ಗುರುತು ಹಿಡದು ನಾಕು ಬಿಟ್ಟರು, ಸಾಲಿ ಬಿಟ್ಟಿದ್ದಕ್ಕ.

ಕರಿ

ಕಾರಹುಣ್ಣಿವಿ ದಿನ ಎತ್ತು ಓಡಿಸಿ, ಊರ ಅಗಸಿ ಬಾಗಲಿಗೆ ಅಡ್ಡ ಕಟ್ಟಿದ ಕರಿ, ಅಂದ್ರ ಬೇವಿನ ತೋರಣದ ಹಗ್ಗ, ಹರಿಸ್ತಾರ. ಅಣ್ಣಗ ಅದರಾಗ ತಾನೂ ಬರೋ ಆಸೆ. "ಲೇ, ನೀ ತಗಿ. ನಾ ಎತ್ತಿನ ಬಾಜು ಓಡತೀನಿ" ಅಂದ.

ಕ್ಯಾಮೆರಾ ನನ್ನ ಕೈಗೆ! ಇಷ್ಟು ದಿನ ಹೊಟ್ಟಿ ಉರಕೊಂಡು ನೋಡಿದ್ದಕ್ಕ ಅದರ ಗುಟ್ಟು ಅವನಕಿಂತ ನನಗ ಛಲೋ ಗೊತ್ತಿತ್ತು. ಓಡೋದರ ಬೆನ್ನು ಅದು ಹತ್ತಂಗಿಲ್ಲ. ಅದಕ್ಕ ಅವರು ಹಾದು ಹೋಗೋ ಜಾಗದಾಗಿನ ಕಲ್ಲಿಗೆ ಕಣ್ಣಿಟ್ಟು, ಗುಂಡಿ ಅರ್ಧ ಒತ್ತಿ, ಆ ಅಳತಿ ಬದಲಾಗದಂಗ ಹಿಡಕೊಂಡು ನಿಂತೆ.

ಎತ್ತು ಬಂತು. ಕೋಡು ನೋಡಿದ್ದ ತಡ, ಅಣ್ಣ "ಯವ್ವಾ!" ಅಂತ ಚೀರಿ ಅದರ ಮುಂದ ಓಟ ಕಿತ್ತ. ಧೋತರ ಬಿಚ್ಚಿತು, ಚಪ್ಪಲಿ ಹಾರಿತು. ಜನಾ ಎಲ್ಲಾ ತಮ್ಮ ಜೀವಾ ಹಿಡಕೊಂಡು ಓಡೋದ್ರಾಗ ಇದ್ದರು, ನೋಡಿದಾವ ನಾ ಒಬ್ಬನ. ಕಲ್ಲಿನ ಹಂತ್ಯಾಕ ಬಂದ ಕೂಡಲೇ ಪೂರ್ತಿ ಒತ್ತಿದೆ. ಸಿಕ್ಕ ಮಗ!

ಫೋಟೋ ಬಂತು. ಟೊಂಕದ ಮ್ಯಾಲಿಂದಷ್ಟ ಬಂದಿತ್ತು. ಬಿಚ್ಚಿದ ಧೋತರ ಕಾಣಂಗಿಲ್ಲ, ಹಾರಿದ ಚಪ್ಪಲಿ ಕಾಣಂಗಿಲ್ಲ. ಚೀರಿದ ಬಾಯಿ ಗರ್ಜನಿ ಹೊಡದಂಗ, ಎದಿ ಮುಂದ, ಎತ್ತು ಹಿಂದ.

ಅಜ್ಜ ಮೂಗಿನ ಮ್ಯಾಲೆ ಚಾಳೀಸು ಏರಿಸಿ, "ಎತ್ತಿನ್ನ ಹಿಂದ ಹಾಕ್ಯಾನಲ್ಲೋ, ಹುಲಿ!" ಅಂದ.

"ಅಜ್ಜಾ, ಅಂವ ಅಂಜಿ ಓಡಿದ್ದ! ಧೋತರ ಬಿಚ್ಚಿತ್ತು!"

"ಇದರಾಗ ಎಲ್ಲೈತಲೇ, ಹೊಟ್ಟಿಕಿಚ್ಚಿನವನ?"

ನಮ್ಮವ್ವ ಅದನ್ನ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, "ಇದನ್ನ ನೋಡಿಯರ ಬುದ್ಧಿ ಬರಲಿ" ಅಂತ ನನ್ನ ಹಾಸಿಗಿ ಎದುರಿಗೆ ಮೊಳಿ ಹೊಡಿಸಿದ್ಲು. ಈಗ ದಿನಾ ಮುಂಜಾನೆ ಕಣ್ಣು ಬಿಟ್ಟರ ಅವನ ಮಾರಿ. ತಗದಾವ ನಾನ ನೋಡ್ರಿ, ಮೀಸ್ಯಾಗಿನ ಒಂದು ಕೂದಲರ ಮಬ್ಬಾಗಬಾರದ?