ನಾನು ಊಜಿ ನೊಣ ಸಾಕಿದ್ದು

ಜನ ನಾಯಿ ಸಾಕುತ್ತಾರೆ, ಬೆಕ್ಕು ಸಾಕುತ್ತಾರೆ, ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಂಡು ತಿರುಗುತ್ತಾರೆ. ನಾನು ಸಾಕುವುದು ನೊಣ. ಹೇಳಿದರೆ ಮನೆಗೆ ಬಂದವರು ಕಾಫಿ ಮುಟ್ಟುವುದಿಲ್ಲವೆಂದು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ನೊಣದ ಮೇಲೆ ನನಗೇನೂ ಪ್ರೀತಿಯಿಲ್ಲ. ಕೊಳ್ಳೇಗಾಲದ ನನ್ನ ಬಾಡಿಗೆ ಮನೆಯ ಕರಿಬೇವಿನ ಗಿಡದಲ್ಲಿ ಎರಡು ಸೂರ್ಯನ ಕುದುರೆಗಳು ಸಿಕ್ಕಿದ್ದವು, ಒಳಗೆ ತಂದಿಟ್ಟುಕೊಂಡೆ. ಮುಂಗಾಲು ಮುಗಿದುಕೊಂಡು ನಿಲ್ಲುತ್ತವಲ್ಲ, ಆ ಹಸಿರು ಹುಳುಗಳು. ನಿಂತರೆ ಭಕ್ತರು, ಉಂಡರೆ ರಾಕ್ಷಸರು. ಸತ್ತದ್ದನ್ನು ಮೂಸಿಯೂ ನೋಡುವುದಿಲ್ಲ. ಊಟಕ್ಕೆ ಜೀವ ಇರಬೇಕು, ಕಣ್ಣೆದುರು ಅಲ್ಲಾಡಬೇಕು. ಯಳಂದೂರಿನ ಆಫೀಸು ಮುಗಿಸಿ ಬರುವಾಗ ಸೀರೆ ಎತ್ತಿಕಟ್ಟಿ ಗದ್ದೆ ಬದುವಿನಲ್ಲಿ ಮಿಡತೆ ಹಿಡಿಯುತ್ತಿದ್ದೆ. ಒಮ್ಮೆ ಸಹೋದ್ಯೋಗಿಯೊಬ್ಬರು ಕಂಡು, "ಏನ್ ಕಳ್ಕಂಡ್ರಿ ಮೇಡಂ?" ಅಂದರು. ಓಲೆ ಅಂದೆ. ಪಾಪ, ಕತ್ತಲಾಗುವವರೆಗೆ ಅವರೂ ಬಗ್ಗಿ ಹುಡುಕಿದರು.

ಏನನ್ನಾದರೂ ಮೇಯಿಸದೆ ಇರಲಾರದ ಈ ಚಟ ನನಗೆ ಕಾಮಗೆರೆಯ ತವರಿನಿಂದ ಬಂದದ್ದು. ನಮ್ಮದು ರೇಷ್ಮೆ ಹುಳು ಸಾಕುವ ಮನೆ. ನಡುಮನೆ ಹುಳುಗಳದ್ದು, ಜಗಲಿ ನಮ್ಮದು. ಹುಳು ಜ್ವರಕ್ಕೆ ಕೂತರೆ, ಅಂದರೆ ಮೇವು ಬಿಟ್ಟು ಪೊರೆ ಕಳಚಲು ಮಲಗಿದರೆ, ನಾನೂ ತಮ್ಮನೂ ಪಿಸುಮಾತಿನಲ್ಲೇ ಜಗಳವಾಡಬೇಕಿತ್ತು. ಆ ದಿನಗಳಲ್ಲಿ ಸಾರಿಗೆ ಒಗ್ಗರಣೆಯೂ ಇಲ್ಲ. ಜ್ವರ ಬಿಟ್ಟೆದ್ದು ಸೊಪ್ಪು ಮೇಯತೊಡಗಿದವೆಂದರೆ ಮನೆಯೊಳಗೇ ಸೋನೆ ಮಳೆಯ ಸದ್ದು. ಆ ಸದ್ದು ಕೇಳುತ್ತ ನಿದ್ದೆಹೋದವಳು ನಾನು. ಈಗ ಫ್ಯಾನಿನ ಸದ್ದು ಕೇಳುತ್ತ ಮಲಗುತ್ತೇನೆ, ನಿದ್ದೆಯೇನೋ ಬರುತ್ತದೆ, ಆದರೆ ಆ ಸುಖವಿಲ್ಲ.

ಆ ಮನೆಗೆ ಇದ್ದ ಒಬ್ಬನೇ ಶತ್ರು ಊಜಿ ನೊಣ. ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಹೋಗುತ್ತದೆ. ಅದರ ಮರಿ ಹುಳುವನ್ನು ಒಳಗಿನಿಂದಲೇ ತಿಂದು, ಗೂಡಿಗೆ ತೂತು ಕೊರೆದು ಹೊರಬೀಳುತ್ತದೆ. ಅದಕ್ಕೇ ಕಿಟಕಿ ಬಾಗಿಲಿಗೆಲ್ಲ ಜಾಲರಿ. ದೇವರಿಗೆ ಕೈಮುಗಿಯುವಾಗಲೂ ಅವ್ವನ ಒಂದು ಕಣ್ಣು ಜಾಲರಿಯ ಮೇಲಿರುತ್ತಿತ್ತು.

ಮಿಡತೆ ಸಿಗದ ಬೇಸಿಗೆಯಲ್ಲಿ ನನಗೆ ನೆನಪಾದದ್ದು ಇದೇ ಊಜಿ. ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ತೆಗೆಯುವ ಶೆಡ್ಡಿನ ಮೂಲೆಯಲ್ಲಿ, ಗೂಡಿನ ರಾಶಿಯಿಂದ ಇಳಿದ ಊಜಿ ಮರಿಗಳು ಗಟ್ಟಿಯಾಗಿ ಕಂದು ಕಾಳಿನಂತೆ ಬಿದ್ದಿರುತ್ತವೆ. ಗುಡಿಸಿ ಕೊಟ್ಟವರಿಗೂ ಸಂತೋಷ, ತಂದ ನನಗೂ ಸಂತೋಷ. ಡಬ್ಬಿಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟಿಟ್ಟರೆ ಕೆಲವೇ ದಿನಗಳಲ್ಲಿ ಬಿಸಿ ಬಿಸಿ ನೊಣ. ಭಕ್ತರಿಬ್ಬರೂ ದುಂಡಗಾದರು.

ಒಂದು ಭಾನುವಾರ ಹಾಗೆ ಕಾಳು ತುಂಬಿಕೊಂಡವಳು, ಮನೆಗೆ ಹೋಗಿ ಇಟ್ಟುಬರಲು ಸೋಮಾರಿತನವಾಗಿ, ಡಬ್ಬಿಯನ್ನು ಬ್ಯಾಗಿಗೆ ಹಾಕಿ ಸೀದಾ ಕಾಮಗೆರೆ ಬಸ್ಸು ಹತ್ತಿದೆ. ತಮ್ಮ ಮಾದೇವ ಈಗಲೂ ಹುಳು ಸಾಕುತ್ತಾನೆ. ನಾಲ್ಕನೇ ಜ್ವರ ಬಿಟ್ಟೆದ್ದಿವೆ ಎಂದು ಫೋನ್ ಮಾಡಿದ್ದ. ಸೋನೆ ಮಳೆ ಕೇಳುವ ಆಸೆಯಲ್ಲಿ ಡಬ್ಬಿಯ ಮಾತೇ ಮರೆಯಿತು. ಹುಟ್ಟಿ ಬೆಳೆದ ಮನೆಯ ಶಾಸ್ತ್ರ ಮಾತ್ರ ಮರೆಯಲಿಲ್ಲ. ಚಪ್ಪಲಿ ಬೀದಿಯಲ್ಲೇ ಬಿಟ್ಟೆ, ಕೈಕಾಲು ಎರಡೆರಡು ಸಲ ತೊಳೆದೆ, ಹೊಸ್ತಿಲ ಸುಣ್ಣ ಮೆಟ್ಟಿದೆ. ಇಷ್ಟೆಲ್ಲ ಮಡಿ ಮಾಡಿ, ಬ್ಯಾಗನ್ನು ಹೆಗಲಿಗೆ ಹಾಕಿಕೊಂಡೇ ಒಳಗೆ ಹೋದೆ.

ಹುಳುವಿನ ತಟ್ಟೆಯ ಪಕ್ಕ ಕಣ್ಣು ಮುಚ್ಚಿ ಕೂತಿದ್ದೆ. ಅವ್ವ ಫಕ್ಕನೆ ತಲೆಯೆತ್ತಿದಳು. "ಮಾದೇವ, ಊಜಿ ಒಳಕ್ ಬಂದದ ಕಣ್ಲಾ!"

"ಜಾಲ್ರಿ ಎಲ್ಲಾ ಸರ್ಯಾಗದ ಕಣವ್ವ. ಎಲ್ಲಿಂದ ಬಂದದು?"

ಅಷ್ಟರಲ್ಲಿ ನನ್ನ ಬ್ಯಾಗೇ ಗುಂಯ್ ಅಂದಿತು. ಕಾಳುಗಳು ಬಲಿತಿದ್ದವೋ ಏನೋ, ದಾರಿಯಲ್ಲೇ ಒಡೆದಿದ್ದವು. ಬಟ್ಟೆ ಸಡಿಲಾಗಿ ಒಂದು ನೊಣ ಹಾರಿಹೋಗಿತ್ತು. ಬ್ಯಾಗನ್ನು ಹೊರಗೆಸೆದು ಬಂದು ಎಲ್ಲವನ್ನೂ ಒಪ್ಪಿಕೊಂಡೆ. ಮಾದೇವನ ಮುಖ ಬಿಳಿಚಿತು. "ಅಕ್ಕ, ಇನ್ನೊಂದ್ ವಾರಕ್ಕೆ ಉಳ ಹಣ್ಣಾಗಿ ಗೂಡ್ ಕಟ್ಟವು ಕಣಕ್ಕ" ಅಂದ, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

"ಒಂದ್ ಕಿಟ್ಕಿ ಬುಟ್ಟು ಎಲ್ಲಕ್ಕೂ ಗೋಣಿ ಮುಚ್ಚು. ಅದು ಬೆಳಕ್ಗೇ ಓಯ್ತದ" ಅಂದಳು ಅವ್ವ. ಕತ್ತಲು ಮಾಡಿ ಮೂವರೂ ಉಸಿರು ಬಿಗಿಹಿಡಿದು ನಿಂತೆವು. ನೊಣ ಬಂದು ಬೆಳಕಿನ ಕಿಟಕಿಗೆ ಕೂತಿತು. ಮಂಡಿ ನೋವೆಂದು ದಿನವೂ ನರಳುವ ಅವ್ವ ಒಂದೇ ನೆಗೆತಕ್ಕೆ ಅದನ್ನು ಮುಷ್ಟಿಯಲ್ಲಿ ಹಿಡಿದಳು. ಹೊಸಕಿಹಾಕುತ್ತಾಳೆ ಅಂದುಕೊಂಡೆ. ಇಲ್ಲ.

"ಇದ್ನ ತಿನ್ನೋ ಉಳ ನಿನ್ ತಾವ್ ಅದಾ?"

"ಅದ ಕಣವ್ವ."

"ಜೀವ ಇರೋವಾಗ್ಲೇ ತಿಂದದಾ?"

"ತಲೆಯಿಂದ ಶುರು ಮಾಡ್ತದ."

ನನಗೆ ಕೆಲಸ ಸಿಕ್ಕಿದಾಗಲೂ ಅವ್ವನ ಮುಖ ಅಷ್ಟು ಅರಳಿರಲಿಲ್ಲ. "ತಕ್ಕೊ. ನಾ ಕೊಟ್ಟೆ ಅನ್ನು" ಎಂದು ನೊಣವನ್ನು ನನ್ನ ಮುಷ್ಟಿಗೆ ದಾಟಿಸಿ, ನನ್ನನ್ನು ಬಾಗಿಲಾಚೆ ದಾಟಿಸಿದಳು.

ದೇವರು ದೊಡ್ಡವನು, ಆ ಸಲದ ಗೂಡು ಚೆನ್ನಾಗಿಯೇ ಬಂತು. ನನಗೆ ಮಾತ್ರ ಅಂದಿನಿಂದ ಹುಳುವಿನ ಮನೆಗೆ ಪ್ರವೇಶವಿಲ್ಲ. ಕೈಕಾಲು ತೊಳೆದರೂ ಇಲ್ಲ, ಬ್ಯಾಗಿಲ್ಲದೆ ಹೋದರೂ ಇಲ್ಲ. ಜಗಲಿಯಲ್ಲಿ ಕೂತು, ಜಾಲರಿಗೆ ಕಿವಿಯಿಟ್ಟು, ಸೋನೆ ಮಳೆ ಕೇಳಿ ಬರುತ್ತೇನೆ. ಅಷ್ಟಾದರೂ ಸಿಕ್ಕಿತಲ್ಲ. ಮೊನ್ನೆ ಪಕ್ಕದ ಮನೆಯಾಕೆ ನೋಡಿ, "ಇದ್ಯಾಕಕ್ಕ ಆಚೇಲೇ ಕುಂತಿದ್ದೀ, ಒಳಕ್ ಓಗ್ಬಾರ್ದಾ?" ಅಂದಳು.

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅವ್ವನ ದನಿ ಬಂತು: "ಅವಳು ಅಲ್ಲೇ ಇರ್ಲಿ ಬುಡು. ಜಾಲ್ರಿ ಮತ್ಯಾಕ್ ಆಕಿರದು?"